555 ರನ್ನಿಂಗ್ ಲೈಟ್ ಕಿಟ್ ವಿಮರ್ಶೆ: ಬೋರ್ಡು ಸರಿಯಿದೆ, ತೊಂದರೆ ಇರುವುದು ಪವರ್ ಸಪ್ಲೈಯಲ್ಲಿ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಸಿಗುವ ಕಿಟ್ ಇದು. ಒಳಗೆ ಒಂದು ಎನ್‌ಇ555 (ಟೈಮರ್ ಐಸಿ), ಒಂದು ಸಿಡಿ4017 (ಎಣಿಸುವ ಐಸಿ), ಹತ್ತು ಎಲ್‌ಇಡಿ, ವೇಗ ಹೊಂದಿಸಲು ತಿರುಗಿಸುವ 50 ಕೆ (ಕಿಲೋಓಮ್) ಪ್ರೀಸೆಟ್ ಒಂದು, ನಾಲ್ಕಾರು ರೆಸಿಸ್ಟರ್, ಎರಡು ಕೆಪಾಸಿಟರ್ ಮತ್ತು ಪಿಸಿಬಿ. 555 ತಾಳ ಹಾಕುತ್ತದೆ, 4017 ಎಣಿಸುತ್ತದೆ, ಎಲ್‌ಇಡಿಗಳು ಒಂದರ ಹಿಂದೊಂದು ಓಡುತ್ತವೆ. ಹೈಸ್ಕೂಲಿನ, ಡಿಪ್ಲೊಮಾದ ಮಕ್ಕಳು ಮೊದಲ ಬೆಸುಗೆ ಹಾಕುವುದು ಬಹಳ ಸಲ ಇಂಥ ಬೋರ್ಡಿನ ಮೇಲೆಯೇ. ಕವರಿನ ಮೇಲೆ ತಯಾರಕರ ಹೆಸರು ಇದ್ದರೂ ಇರದಿದ್ದರೂ ಸರ್ಕ್ಯೂಟ್ ಹೆಚ್ಚೂಕಡಿಮೆ ಒಂದೇ.

ಕೊಳ್ಳಬಹುದೇ ಎಂದರೆ, ಧಾರಾಳವಾಗಿ ಕೊಳ್ಳಬಹುದು. ಆದರೆ ಕವರಿನ ಮೇಲಿನ ‘3–5 ವೋಲ್ಟ್’ ಎಂಬ ಅಚ್ಚನ್ನು ನಂಬಬೇಡಿ. ಕಿಟ್‌ನಲ್ಲಿಲ್ಲದ ಎರಡು ಸಾಮಾನನ್ನು ಅದೇ ಅಂಗಡಿಯಲ್ಲಿ ಕೇಳಿ ತನ್ನಿ: ‘104’ ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರ್ ಒಂದು, 100 ಮೈಕ್ರೋಫ್ಯಾರಡ್ 25 ವೋಲ್ಟಿನ ಎಲೆಕ್ಟ್ರೋಲಿಟಿಕ್ ಒಂದು. ಕಿಟ್ ಕೆಟ್ಟಿದೆ ಎಂದು ವಾಪಸ್ ಕೊಡುವವರ ದೂರುಗಳನ್ನು ಗಮನಿಸಿ. ‘ಎಲ್‌ಇಡಿ ಒಂದು ಬಿಟ್ಟು ಒಂದು ಹಾರುತ್ತದೆ’, ‘ಒಂದೇ ಎಲ್‌ಇಡಿಯಲ್ಲಿ ನಿಂತುಬಿಟ್ಟಿದೆ’, ‘ಐದು ನಿಮಿಷ ಓಡಿ ಹುಚ್ಚುಹುಚ್ಚಾಗಿ ಆಡುತ್ತದೆ’, ‘ಅರ್ಧ ನಿಮಿಷಕ್ಕೆ ಆರಿಹೋಗುತ್ತದೆ’. ಈ ನಾಲ್ಕಕ್ಕೂ ಮೊದಲು ಅನುಮಾನಿಸಬೇಕಾದ್ದು ಐಸಿಯನ್ನಲ್ಲ, ಅದಕ್ಕೆ ಕರೆಂಟು ತಲುಪುವ ದಾರಿಯನ್ನು.

ಮೊದಲು ಆ 3 ವೋಲ್ಟಿನ ಮಾತು. ಎನ್‌ಇ555ರ ಡೇಟಾಶೀಟ್ ಭರವಸೆ ಕೊಡುವುದು 4.5ರಿಂದ 16 ವೋಲ್ಟಿನವರೆಗೆ ಮಾತ್ರ. 4017 ಸಿಮಾಸ್ ಐಸಿ, ಅದು 3 ವೋಲ್ಟಿನಲ್ಲೂ ಓಡುತ್ತದೆ. ಕವರಿನ ಮೇಲೆ ಅದರ ಮಿತಿಯನ್ನೇ ಇಡೀ ಕಿಟ್‌ಗೆ ಅಂಟಿಸಿದಂತಿದೆ. 3 ವೋಲ್ಟಿನಲ್ಲಿ ಒಂದು 555 ಹೇಗೋ ಓಡೀತು, ಪಕ್ಕದ ಕವರಿನದು ಓಡದೇ ಇದ್ದೀತು. ಓಡಿದರೂ ನೀಲಿ, ಬಿಳಿ ಎಲ್‌ಇಡಿ ಇದ್ದರೆ ಅವಕ್ಕೇ 3 ವೋಲ್ಟಿನ ಹತ್ತಿರ ಬೇಕು, ಬೆಳಕು ಕಾಣುವುದಿಲ್ಲ. ಹಾಗಾಗಿ ಎರಡು ಪೆನ್ಸಿಲ್ ಸೆಲ್, ಬಟನ್ ಸೆಲ್, ಒಂಟಿ ಲಿಥಿಯಂ ಸೆಲ್ ಇವೆಲ್ಲ ಈ ಕಿಟ್‌ಗೆ ಆಗಿಬರುವುದಿಲ್ಲ. ಲಿಥಿಯಂ ಸೆಲ್ ಪೂರ್ತಿ ಚಾರ್ಜ್ ಆದಾಗಲೂ 4.2 ವೋಲ್ಟ್ ಮಾತ್ರ.

ಇನ್ನು 5 ವೋಲ್ಟ್. ಇಲ್ಲಿ ಸೂಕ್ಷ್ಮವಾದ ಒಂದು ತೊಡಕಿದೆ, ಕಿಟ್‌ನೊಂದಿಗೆ ಬರುವ ಕಾಗದದಲ್ಲಿ ಅದರ ಸುಳಿವೂ ಇರುವುದಿಲ್ಲ. ಎನ್‌ಇ555ರ ಔಟ್‌ಪುಟ್ ಆದ 3ನೇ ಪಿನ್ (ಕಾಲು) ‘ಹೈ’, ಅಂದರೆ ಮೇಲಿನ ವೋಲ್ಟೇಜಿಗೆ, ಆದಾಗ ಪೂರ್ತಿ ಸಪ್ಲೈ ವೋಲ್ಟೇಜ್ ಕೊಡುವುದಿಲ್ಲ. ಹೆಚ್ಚು ಲೋಡ್ ಇಲ್ಲದಿದ್ದರೂ ಸುಮಾರು 1.3ರಿಂದ 1.5 ವೋಲ್ಟ್ ಕೆಳಗೇ ನಿಲ್ಲುತ್ತದೆ. ಅಂದರೆ 5 ವೋಲ್ಟ್ ಕೊಟ್ಟರೆ ಹೊರಗೆ ಬರುವುದು 3.6 ವೋಲ್ಟಿನ ಆಸುಪಾಸು. 555ರ ತಾಳ ಪಡೆಯುವ 4017ರ ಕ್ಲಾಕ್ ಪಿನ್ 5 ವೋಲ್ಟ್ ಸಪ್ಲೈಯಲ್ಲಿ ಖಚಿತವಾಗಿ ‘ಹೈ’ ಎಂದು ಒಪ್ಪುವುದು 3.5 ವೋಲ್ಟ್ ಮೇಲೆ. ನಡುವೆ ಉಳಿಯುವ ಅಂತರ ಕೂದಲೆಳೆಯಷ್ಟು. ನಿಜದಲ್ಲಿ 4017 ಬಹಳ ಸಲ ಸಪ್ಲೈಯ ಅರ್ಧದ ಸುಮಾರಿಗೇ ತಿರುಗಿಬಿಡುವುದರಿಂದ ಕೆಲಸ ನಡೆದುಹೋಗುತ್ತದೆ. ನಡೆಯದಿದ್ದಾಗ ಮಾತ್ರ 555 ಸರಿಯಾಗಿ ಮಿಡಿಯುತ್ತಿದ್ದರೂ ಎಲ್‌ಇಡಿ ಒಂದೇ ಜಾಗದಲ್ಲಿ ನಿಂತಿರುತ್ತದೆ, ನೋಡುವವರು 4017 ಸತ್ತಿದೆ ಎಂದುಕೊಳ್ಳುತ್ತಾರೆ. ಪರಿಹಾರ ಸುಲಭ: 555ರ 3ನೇ ಪಿನ್ನಿನಿಂದ ಸಪ್ಲೈಯ ಪ್ಲಸ್ ಆದ 8ನೇ ಪಿನ್ನಿಗೆ 4.7 ಕೆ ರೆಸಿಸ್ಟರ್ ಒಂದನ್ನು ಬೋರ್ಡಿನ ಹಿಂದೆ ಬೆಸೆಯಿರಿ. ಉಳಿದ ಒಂದೂವರೆ ವೋಲ್ಟನ್ನು ಅದು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅಥವಾ 6 ವೋಲ್ಟ್ ಕೊಡಿ. ಅಂತರ ಸುಮಾರು 0.4 ವೋಲ್ಟಿಗೆ ಏರುತ್ತದೆ.

ಕಿಟ್‌ನ ದೊಡ್ಡ ಕೊರತೆ ಬೇರೆಯದೇ. ಪಿಸಿಬಿಯಲ್ಲಿ 555ರ ಸಪ್ಲೈ ಕಾಲುಗಳ ನಡುವೆ ಕೆಪಾಸಿಟರಿಗೆ ಜಾಗವನ್ನೇ ಬಿಟ್ಟಿಲ್ಲ. ಹ್ಯಾನ್ಸ್ ಕ್ಯಾಮೆನ್ಜಿಂಡ್ 1971ರಲ್ಲಿ ವಿನ್ಯಾಸ ಮಾಡಿ, ಸಿಗ್ನೆಟಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಈ ಐಸಿಯ ಔಟ್‌ಪುಟ್‌ನಲ್ಲಿ ಮೇಲೊಂದು, ಕೆಳಗೊಂದು ಟ್ರಾನ್ಸಿಸ್ಟರ್ ಜೋಡಿ ಇದೆ. ಪ್ರತಿ ಸಲ ಔಟ್‌ಪುಟ್ ಬದಲಾಗುವಾಗ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಎರಡೂ ಒಟ್ಟಿಗೆ ತೆರೆದಿರುತ್ತವೆ. ಆ ಗಳಿಗೆಯಲ್ಲಿ ಪ್ಲಸ್‌ನಿಂದ ಮೈನಸ್‌ಗೆ ನೇರವಾಗಿ 300–400 ಮಿಲಿಆಂಪಿನಷ್ಟು ಹರಿಯಬಹುದು. ಸರಾಸರಿ ಮಾತ್ರ ಕೆಲವೇ ಮಿಲಿಆಂಪ್, ಆದ್ದರಿಂದ ಮಲ್ಟಿಮೀಟರಿಗೆ ಇದು ಕಾಣುವುದೇ ಇಲ್ಲ.

ಈಗ ಈ ಕಿಟ್‌ಗೆ ಎಲ್ಲರೂ ಸಿಕ್ಕಿಸುವ ಚೌಕದ 9 ವೋಲ್ಟ್ ಬ್ಯಾಟರಿಯನ್ನು ನೋಡೋಣ. ಅಗ್ಗದ ಜಿಂಕ್-ಕಾರ್ಬನ್ ಬ್ಯಾಟರಿಯ ಒಳ ರೋಧ ಹೊಸದರಲ್ಲೇ ಹತ್ತಾರು ಓಮ್ ಇರುತ್ತದೆ. 30 ಓಮ್ ಎಂದೇ ಇಟ್ಟುಕೊಳ್ಳಿ. 300 ಮಿಲಿಆಂಪ್ ಎಳೆದರೆ ಒಳಗೇ ಬೀಳುವುದು 9 ವೋಲ್ಟ್. ಹೊರಗೆ ಕೊಡಲು ಏನೂ ಉಳಿಯುವುದಿಲ್ಲ. ಸಪ್ಲೈ ಆ ಕ್ಷಣಕ್ಕೆ ಕುಸಿಯುತ್ತದೆ, ಅದೇ ತಂತಿಯ ಮೇಲೆ ಕೂತಿರುವ 4017 ಅದನ್ನು ಇನ್ನೊಂದು ಕ್ಲಾಕ್ ಎಂದುಕೊಂಡು ಒಂದು ಹೆಜ್ಜೆ ಹೆಚ್ಚಾಗಿ ಹಾರುತ್ತದೆ. ‘ಒಂದು ಬಿಟ್ಟು ಒಂದು’ ದೂರಿನ ಮೂಲ ಹೆಚ್ಚಾಗಿ ಇಲ್ಲಿದೆ. 104 ಕೆಪಾಸಿಟರ್ ಎಂದರೆ 0.1 ಮೈಕ್ರೋಫ್ಯಾರಡ್. ಆ ಹೊಡೆತ 100 ನ್ಯಾನೋಸೆಕೆಂಡ್ ಇರುತ್ತದೆ ಎಂದು ಹಿಡಿದರೆ, ಪೂರ್ತಿ 300 ಮಿಲಿಆಂಪನ್ನು ಕೆಪಾಸಿಟರ್ ಒಂದೇ ಕೊಟ್ಟರೂ ಅದರ ವೋಲ್ಟೇಜ್ ಇಳಿಯುವುದು 0.3 ವೋಲ್ಟ್ ಮಾತ್ರ. ಒಂದೆರಡು ರೂಪಾಯಿಯ ಸಾಮಾನು ಮಾಡುವ ಕೆಲಸ ಇಷ್ಟು.

ಅದನ್ನು ಎಲ್ಲಿ ಹಾಕುತ್ತೀರಿ ಎಂಬುದೂ ಮುಖ್ಯ. ಬೋರ್ಡಿನ ಅಂಚಿನಲ್ಲಿ ಬ್ಯಾಟರಿ ತಂತಿ ಬರುವ ಕಡೆ ಹಾಕಿದರೆ ಅರ್ಧ ಪ್ರಯೋಜನವೂ ಇಲ್ಲ. ಬೋರ್ಡನ್ನು ಮಗುಚಿ 555ರ 1 ಮತ್ತು 8ನೇ ಪಿನ್‌ಗಳನ್ನು ಹುಡುಕಿ. ಇವೆರಡೂ ಐಸಿಯ ಒಂದೇ ತುದಿಯಲ್ಲಿ, ಗುಳಿ ಇರುವ ಕಡೆ, ಎದುರುಬದುರಾಗಿವೆ. ಕೆಪಾಸಿಟರಿನ ಕಾಲುಗಳನ್ನು 5–6 ಮಿಲಿಮೀಟರಿಗೆ ಕತ್ತರಿಸಿ ನೇರ ಆ ಎರಡು ಬೆಸುಗೆಗಳ ಮೇಲೇ ಕೂರಿಸಿ. ಸೆರಾಮಿಕ್‌ಗೆ ಪ್ಲಸ್-ಮೈನಸ್ ಇಲ್ಲ. 4017ರ 16 ಮತ್ತು 8ನೇ ಪಿನ್‌ಗಳ ನಡುವೆ ಇನ್ನೊಂದು 104 ಹಾಕಿದರೆ ಇನ್ನೂ ಒಳ್ಳೆಯದು. 100 ಮೈಕ್ರೋಫ್ಯಾರಡಿನ ಎಲೆಕ್ಟ್ರೋಲಿಟಿಕ್ ಮಾತ್ರ ತಂತಿ ಬರುವ ಜಾಗದಲ್ಲಿರಲಿ, ಪಟ್ಟಿ ಇರುವ ಕಾಲು ಮೈನಸ್‌ಗೆ. ದೊಡ್ಡ ಕೆಪಾಸಿಟರ್ ಇದೆಯಲ್ಲ, ಚಿಕ್ಕದು ಯಾಕೆ ಎಂದು ಕೇಳುವವರಿದ್ದಾರೆ. ಎಲೆಕ್ಟ್ರೋಲಿಟಿಕ್ ಇಷ್ಟು ವೇಗದ ಹೊಡೆತಕ್ಕೆ ಓಗೊಡುವುದು ನಿಧಾನ. ಅದು ಬ್ಯಾಟರಿಯ ಸುಸ್ತನ್ನು ಮರೆಸುತ್ತದೆ, 104 ಹೊಡೆತವನ್ನು ನುಂಗುತ್ತದೆ. ಎರಡೂ ಬೇಕು. 5ನೇ ಪಿನ್ನಿನಿಂದ ಗ್ರೌಂಡಿಗೆ ‘103’ ಕೆಪಾಸಿಟರ್ ಕಿಟ್‌ನಲ್ಲೇ ಬಂದಿದ್ದರೆ ಅದನ್ನು ಬಿಡದೆ ಹಾಕಿ.

ಖರ್ಚು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ ಎನ್ನುವವರಿಗೆ ಇನ್ನೂ ಚೊಕ್ಕ ದಾರಿಯಿದೆ: ಎನ್‌ಇ555 ಬದಲು ಸಿಮಾಸ್ 555, ಅಂದರೆ ಟಿಎಲ್‌ಸಿ555 ಅಥವಾ ಐಸಿಎಂ7555. ಕಾಲುಗಳ ಜೋಡಣೆ ಅದೇ. ಐಸಿಎಂ7555ರಲ್ಲಿ ಆ ಹೊಡೆತ 2–3 ಮಿಲಿಆಂಪಿಗೆ ಇಳಿಯುತ್ತದೆ, ಎರಡೂ 2 ವೋಲ್ಟಿನಿಂದಲೇ ಓಡುತ್ತವೆ, ಔಟ್‌ಪುಟ್ ಲೋಡ್ ಇಲ್ಲದಿದ್ದರೆ ಸಪ್ಲೈ ಮುಟ್ಟುವಷ್ಟು ಮೇಲೇರುವುದರಿಂದ 4.7 ಕೆ ರೆಸಿಸ್ಟರಿನ ಅಗತ್ಯವೂ ಬೀಳುವುದಿಲ್ಲ. ಟಿಎಲ್‌ಸಿ555 ಹೊರಗೆ ಕೊಡಬಲ್ಲ ಕರೆಂಟು 10 ಮಿಲಿಆಂಪ್ ಮಾತ್ರ, ಆದರೆ 4017ರ ಕ್ಲಾಕ್ ಪಿನ್ ಕರೆಂಟನ್ನೇ ಬೇಡುವುದಿಲ್ಲವಾದ್ದರಿಂದ ಇಲ್ಲಿ ಅಡ್ಡಿಯಿಲ್ಲ. ಕಿಟ್ ತಯಾರಕರು ಇದನ್ನೇ ಹಾಕಿ ಕೊಟ್ಟಿದ್ದರೆ ಕವರಿನ ಮೇಲಿನ ‘3 ವೋಲ್ಟ್’ ಕೆಂಪು ಎಲ್‌ಇಡಿಗಳ ಮಟ್ಟಿಗಾದರೂ ನಿಜವಾಗುತ್ತಿತ್ತು.

ಯಾವುದರಿಂದ ಓಡಿಸುವುದು ಉತ್ತಮ? ನಾಲ್ಕು ಆಲ್ಕಲೈನ್ ಪೆನ್ಸಿಲ್ ಸೆಲ್, 6 ವೋಲ್ಟ್. ಇದಕ್ಕಿಂತ ಒಳ್ಳೆಯದು ಈ ಕಿಟ್‌ಗೆ ಇಲ್ಲ. 6 ವೋಲ್ಟಿನಲ್ಲಿ ಬೋರ್ಡು ಎಳೆಯುವುದು ಸುಮಾರು 12–15 ಮಿಲಿಆಂಪ್. 2000 ಮಿಲಿಆಂಪ್-ಅವರ್ ಸೆಲ್ ನೂರು ಗಂಟೆಗೂ ಮಿಕ್ಕಿ ಬರುತ್ತದೆ. ಚೌಕದ 9 ವೋಲ್ಟ್ ಬ್ಯಾಟರಿ ಆಲ್ಕಲೈನ್ ಆದರೂ 500 ಮಿಲಿಆಂಪ್-ಅವರ್ ಆಸುಪಾಸು, ಕರೆಂಟು ಬೇರೆ ಹೆಚ್ಚು ತಿನ್ನುತ್ತದೆ, ಒಂದೂಕಾಲು ದಿನಕ್ಕೆ ಮುಗಿಯಿತು. ರೀಚಾರ್ಜ್ ಆಗುವ ಸೆಲ್ ನಾಲ್ಕು ಸೇರಿಸಿದರೆ 4.8 ವೋಲ್ಟ್, ಮಿತಿಯ ಅಂಚಿನಲ್ಲಿ ನಿಂತಿರುತ್ತದೆ. ಐದು ಸೆಲ್ಲಿನ ಹೋಲ್ಡರ್ ಸಿಕ್ಕರೆ ಮಾತ್ರ ಬಳಸಿ.

ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕು, ಮೇಲೆ ಹೇಳಿದ 4.7 ಕೆ ಮತ್ತು ಎರಡು ಕೆಪಾಸಿಟರ್ ಇದ್ದರೆ. ಪವರ್ ಬ್ಯಾಂಕ್ ಬೇಡ. ಫೋನ್ ಚಾರ್ಜ್ ಆಗಿ ಮುಗಿಯಿತು ಎಂದು ತಿಳಿಯಲು ಹಲವು ಪವರ್ ಬ್ಯಾಂಕ್‌ಗಳು ಕರೆಂಟನ್ನು ಅಳೆಯುತ್ತಿರುತ್ತವೆ. ಹತ್ತು ಹನ್ನೆರಡು ಮಿಲಿಆಂಪ್ ಎಳೆಯುವ ಬೋರ್ಡು ಅವುಗಳ ಲೆಕ್ಕದಲ್ಲಿ ಏನೂ ಅಲ್ಲ, ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುತ್ತವೆ. ‘ಅರ್ಧ ನಿಮಿಷಕ್ಕೆ ಆರಿಹೋಗುತ್ತದೆ’ ದೂರಿಗೆ ಉತ್ತರ ಇದು. ಬೇರೆ ಗತಿಯಿಲ್ಲದಿದ್ದರೆ 5 ವೋಲ್ಟಿಗೆ ಅಡ್ಡಲಾಗಿ 47 ಓಮ್ 1 ವ್ಯಾಟಿನ ರೆಸಿಸ್ಟರ್ ಹಾಕಿ 100 ಮಿಲಿಆಂಪ್ ಸುಮ್ಮನೆ ಸುಡಬೇಕು. ಅರ್ಧ ವ್ಯಾಟಿಗಿಂತ ಹೆಚ್ಚು ಬಿಸಿ ಅದು, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಶಾಲೆಗಳ ಲ್ಯಾಬಿನಲ್ಲಿ, ಮನೆಯ ಹಳೆ ಪೆಟ್ಟಿಗೆಯಲ್ಲಿ ಸಿಗುವ ಬ್ಯಾಟರಿ ಎಲಿಮಿನೇಟರ್ (ಮೇನ್ಸ್ ಕರೆಂಟಿನಿಂದ ಬ್ಯಾಟರಿಯ ವೋಲ್ಟೇಜ್ ಕೊಡುವ ಪೆಟ್ಟಿಗೆ) ಬಗ್ಗೆ ವಿಶೇಷ ಎಚ್ಚರ. 3, 4.5, 6, 7.5, 9, 12 ಎಂದು ಸ್ವಿಚ್ ತಿರುಗಿಸುವ ಆ ಪೆಟ್ಟಿಗೆಗಳಲ್ಲಿ ಬಹುಪಾಲು, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರ್ ಇಲ್ಲದವು. ಮುಳ್ಳು 12ರಲ್ಲಿದ್ದಾಗ ಲೋಡ್ ಇಲ್ಲದೆ ಅಳೆದರೆ 16 ವೋಲ್ಟನ್ನೂ ಮೀರಬಹುದು, ಎನ್‌ಇ555ರ ಮಿತಿ ಅಲ್ಲಿಗೆ ಮುಗಿಯಿತು. ಕಿಟ್ ಸಿಕ್ಕಿಸುವ ಮೊದಲು ಬರಿದೇ ಅಳೆದು ನೋಡಿ. ಎರಡನೆಯ ತೊಂದರೆ ಅಲೆ. ನಮ್ಮ 50 ಹರ್ಟ್ಸ್ ಮೇನ್ಸ್ ರೆಕ್ಟಿಫೈ ಆದ (ಡಿಸಿಗೆ ತಿರುಗಿದ) ಮೇಲೆ ಸೆಕೆಂಡಿಗೆ 100 ಅಲೆಗಳಾಗಿ ಸಪ್ಲೈ ಮೇಲೆ ಕೂರುತ್ತದೆ. 555 ಕಾಲ ಅಳೆಯುವುದು ಸಪ್ಲೈಯ ಮೂರನೇ ಒಂದು ಭಾಗ, ಮೂರನೇ ಎರಡು ಭಾಗ ಎಂಬ ಎರಡು ಗೆರೆಗಳಿಂದ. ಸಪ್ಲೈ ನಿಧಾನವಾಗಿ ಬದಲಾದರೆ ಗೆರೆಗಳೂ ಚಾರ್ಜಿಂಗೂ ಒಟ್ಟಿಗೆ ಸರಿಯುವುದರಿಂದ ವೇಗ ಹೆಚ್ಚು ಕೆಡುವುದಿಲ್ಲ. ಬ್ಯಾಟರಿ ಇಳಿದರೂ ವೇಗ ಹಾಗೇ ಉಳಿಯುವುದು ಇದರಿಂದಲೇ. ಆದರೆ ಅಲೆ ಬಂದಾಗ ಗೆರೆಗಳು ಕುಣಿಯುತ್ತವೆ, ಕೆಪಾಸಿಟರಿನ ವೋಲ್ಟೇಜ್ ಅಷ್ಟು ಬೇಗ ಕುಣಿಯಲಾರದು. ಪರಿಣಾಮ, ಹೆಜ್ಜೆಗಳು ಒಂದು ಉದ್ದ ಒಂದು ಗಿಡ್ಡ ಆಗುತ್ತವೆ. ಪ್ರೀಸೆಟ್ ತಿರುಗಿಸುತ್ತಾ ಹೋದಾಗ ವೇಗ ನುಣುಪಾಗಿ ಏರದೆ ಒಂದು ಕಡೆ ಅಂಟಿಕೊಂಡು ಆಮೇಲೆ ಜಿಗಿದರೆ, 555ರ ತಾಳ ಮೇನ್ಸ್ ಅಲೆಗೆ ಕಟ್ಟುಬಿದ್ದಿದೆ ಎಂದೇ ಅರ್ಥ.

ಎಲಿಮಿನೇಟರನ್ನೇ ಬಳಸಬೇಕಿದ್ದರೆ 9ಕ್ಕೆ ಇಟ್ಟು, 1000 ಮೈಕ್ರೋಫ್ಯಾರಡ್ 25 ವೋಲ್ಟ್, ಅದರ ಮುಂದೆ 7806 ರೆಗ್ಯುಲೇಟರ್, ಅದರ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಒಂದೊಂದು 104 ಹಾಕಿ. 20 ಮಿಲಿಆಂಪಿಗೆ 1000 ಮೈಕ್ರೋಫ್ಯಾರಡಿನಲ್ಲಿ ಅಲೆ 0.2 ವೋಲ್ಟಿಗೆ ಇಳಿಯುತ್ತದೆ, ಉಳಿದದ್ದನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. 7806ಕ್ಕೆ ತನ್ನ ಔಟ್‌ಪುಟ್‌ಗಿಂತ 2 ವೋಲ್ಟ್ ಹೆಚ್ಚು ಬೇಕು, ಅಂದರೆ ಕನಿಷ್ಠ 8. ಹಳ್ಳಿಗಳಲ್ಲಿ ಸಂಜೆ ಹೊತ್ತು ಮೇನ್ಸ್ 180ಕ್ಕೆ ಇಳಿದಾಗ ಅಷ್ಟು ಸಿಗುತ್ತಿದೆಯೇ ಎಂದು ಆ ಹೊತ್ತಿನಲ್ಲೇ ಅಳೆಯಬೇಕು, ಮಧ್ಯಾಹ್ನ ಅಳೆದು ಪ್ರಯೋಜನವಿಲ್ಲ. ಚೌಕದ 9 ವೋಲ್ಟ್ ಬ್ಯಾಟರಿಗೆ ಮಾತ್ರ ರೆಗ್ಯುಲೇಟರ್ ಸೇರಿಸಬೇಡಿ. ಬೋರ್ಡಿಗೆ ಬೇಕಾದ ಕರೆಂಟಿನ ಮೂರನೇ ಒಂದು ಭಾಗದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಅದೇ ತಿನ್ನುತ್ತದೆ.

12 ವೋಲ್ಟ್ ಅಡಾಪ್ಟರಿನಲ್ಲೂ ಓಡುತ್ತದೆ ಎಂದು ಕೆಲವರು ಹೇಳುವುದುಂಟು. ಐಸಿಗಳು ತಡೆಯುತ್ತವೆ, ಎಲ್‌ಇಡಿಗಳಿಗೆ ಕಷ್ಟ. ಕಿಟ್‌ನಲ್ಲಿ ಹತ್ತೂ ಎಲ್‌ಇಡಿಗಳ ಮೈನಸ್ ಕಾಲು ಒಟ್ಟಿಗೆ ಸೇರಿ ಒಂದೇ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಹೋಗುತ್ತದೆ. ಒಂದು ಉರಿಯುವಾಗ ಆ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಉಳಿದ ಒಂಬತ್ತಕ್ಕೂ ತಿರುಗುಮುರುಗಾಗಿ ಬೀಳುತ್ತದೆ. ಎಲ್‌ಇಡಿಗಳು ಸಾಮಾನ್ಯವಾಗಿ ತಡೆಯುವ ಹಿಮ್ಮುಖ ವೋಲ್ಟೇಜ್ 5. 12 ವೋಲ್ಟ್ ಸಪ್ಲೈಯಲ್ಲಿ ಅದು ಮೀರಿಹೋಗುತ್ತದೆ, ಎಲ್‌ಇಡಿಗಳು ಕ್ರಮೇಣ ಹಾಳಾಗಬಹುದು.

ಕೆಲಸ ಮಾಡದ ಬೋರ್ಡನ್ನು ಪರೀಕ್ಷಿಸಲು ಹಳದಿ ಡಿಟಿ-830ಡಿ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿಗೆ ಇಡಿ. ಬ್ಯಾಟರಿಯ ತುದಿಯಲ್ಲಿ ಅಳೆಯಬೇಡಿ. ಸ್ವಿಚ್ ಹಾಕಿ, ಐಸಿಯ ಕಾಲಿನ ಮೇಲೇ ಅಳೆಯಿರಿ. ಬೆಸುಗೆಯ ಮೇಲಲ್ಲ, ಐಸಿ ಬೇಸಿನಿಂದ ಮೇಲೆ ಕಾಣುವ ಲೋಹದ ಕಾಲಿನ ಮೇಲೆ. ಬೇಸಿಗೆ ಸಿಕ್ಕಿಸುವಾಗ ಒಂದು ಕಾಲು ಮಡಚಿ ಹೊಟ್ಟೆಯಡಿ ಹೋಗಿದ್ದರೆ ಬೆಸುಗೆಯಲ್ಲಿ ವೋಲ್ಟೇಜ್ ತೋರಿಸುತ್ತದೆ, ಐಸಿಗೆ ಮಾತ್ರ ತಲುಪಿರುವುದಿಲ್ಲ. 1 ಮತ್ತು 8ರ ನಡುವೆ ಸಪ್ಲೈ ಪೂರ್ತಿ ಬರಬೇಕು. 4ನೇ ಪಿನ್ ರೀಸೆಟ್, ಅದೂ ಸಪ್ಲೈಯಷ್ಟೇ ಇರಬೇಕು. ಆಮೇಲೆ 5ನೇ ಪಿನ್: ಸಪ್ಲೈಯ ಮೂರನೇ ಎರಡು ಭಾಗ, ಅಂದರೆ 6 ವೋಲ್ಟಿಗೆ 4, 9 ವೋಲ್ಟಿಗೆ 6. ಈ ಒಂದು ಅಳತೆಗೆ ಬೆಲೆ ಹೆಚ್ಚು. ಐಸಿಯೊಳಗಿನ ಮೂರು 5 ಕೆ ರೆಸಿಸ್ಟರಿನ ಸಾಲಿಗೆ ಎರಡೂ ಕಡೆಯಿಂದ ಸಪ್ಲೈ ತಲುಪಿದೆ ಎಂಬುದಕ್ಕೆ ಅದು ಸಾಕ್ಷಿ. 5ರಲ್ಲಿ ಸೊನ್ನೆ ಬಂದರೆ 103 ಕೆಪಾಸಿಟರಿನ ಬಳಿ ಬೆಸುಗೆ ಸೇರಿಕೊಂಡಿದೆಯೇ ನೋಡಿ, ಇಲ್ಲವಾದರೆ ಐಸಿ ತಿರುಗಿ ಕೂತಿದೆ.

ತಿರುಗಿ ಕೂತ 555 ಮೋಸ ಮಾಡುವ ಬಗೆ ವಿಚಿತ್ರ. 180 ಡಿಗ್ರಿ ತಿರುಗಿದಾಗ 4 ಮತ್ತು 8 ಅದಲುಬದಲಾಗುತ್ತವೆ, ಬೋರ್ಡಿನಲ್ಲಿ ಎರಡೂ ಪ್ಲಸ್‌ಗೇ ಸೇರಿರುವುದರಿಂದ ಪ್ಲಸ್ ಸರಿಯಾಗಿಯೇ ಸಿಗುತ್ತದೆ. ಗ್ರೌಂಡ್ ಮಾತ್ರ 1ರ ಬದಲು 5ಕ್ಕೆ ಹೋಗುತ್ತದೆ. 4017 ಹೀಗಲ್ಲ, ತಿರುಗಿಸಿದರೆ 16 ಮತ್ತು 8 ಅದಲುಬದಲು, ಅಂದರೆ ನೇರ ಉಲ್ಟಾ ಸಪ್ಲೈ. ಬೆರಳಿಟ್ಟರೆ ಸುಡುತ್ತದೆ, ಬದಲಿಸದೆ ಬೇರೆ ದಾರಿಯಿಲ್ಲ. ಬ್ಯಾಟರಿ ತಂತಿ ಉಲ್ಟಾ ಕೊಟ್ಟರೂ ಇದೇ ಗತಿ, ಕಿಟ್‌ನಲ್ಲಿ ರಕ್ಷಣೆಯ ಡಯೋಡ್ ಇಲ್ಲ. ಪ್ಲಸ್ ತಂತಿಯಲ್ಲಿ ಒಂದನ್ನು ಸೇರಿಸಿ. 6 ವೋಲ್ಟಿಗೆ 1ಎನ್4007 ನಡೆಯುತ್ತದೆ; 5 ವೋಲ್ಟಿಗೆ ಅದು 0.7 ಕಳೆದು 4.3ಕ್ಕೆ ಇಳಿಸುತ್ತದೆ, ಹಾಗಾಗಿ 0.3 ವೋಲ್ಟಿನ ಒಳಗೇ ಮುಗಿಸುವ 1ಎನ್5819 ಬೇಕು.

4.7 ಕೆ ಹಾಕದ ಬೋರ್ಡಿನ 3ನೇ ಪಿನ್ನಿನಲ್ಲಿ 5 ವೋಲ್ಟ್ ಸಪ್ಲೈಗೆ ಮೀಟರ್ 1.8–1.9 ತೋರಿಸಿದರೆ ಗಾಬರಿಯಾಗಬೇಡಿ, ಅದು ಓಡುತ್ತಿರುವ ಲಕ್ಷಣ. 1 ಕೆ (ಆರ್1), 10 ಕೆ ಮತ್ತು 50 ಕೆ ಪ್ರೀಸೆಟ್ (ಎರಡೂ ಸೇರಿ ಆರ್2), 1 ಮೈಕ್ರೋಫ್ಯಾರಡ್ (ಸಿ) ಇರುವ ಬೋರ್ಡಿನಲ್ಲಿ 1.44ನ್ನು (ಆರ್1 + 2×ಆರ್2)×ಸಿ ಇಂದ ಭಾಗಿಸಿದರೆ ಸೆಕೆಂಡಿಗೆ 12ರಿಂದ 69 ಹೆಜ್ಜೆ. ಅರ್ಧ ಹೊತ್ತು ಹೈ, ಅರ್ಧ ಹೊತ್ತು ಲೋ, ಮೀಟರ್ ಸರಾಸರಿ ಹೇಳುತ್ತದೆ. ಕಣ್ಣಿಂದಲೇ ನೋಡಬೇಕಿದ್ದರೆ 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೇಲೆ ತಾತ್ಕಾಲಿಕವಾಗಿ 100 ಮೈಕ್ರೋಫ್ಯಾರಡ್ ಹಿಡಿಯಿರಿ, ಪ್ಲಸ್‌ಗೆ ಪ್ಲಸ್. ಪ್ರೀಸೆಟ್ ಪೂರ್ತಿ ನಿಧಾನದ ಕಡೆ ಇದ್ದರೆ ಒಂದು ಹೆಜ್ಜೆಗೆ ಎಂಟೂವರೆ ಸೆಕೆಂಡ್ ಹಿಡಿಯುತ್ತದೆ. ಈಗ 2ನೇ ಪಿನ್ ಮೂರನೇ ಒಂದರಿಂದ ಮೂರನೇ ಎರಡಕ್ಕೆ ಏರಿ ಇಳಿಯುವುದು ಮೀಟರಿನಲ್ಲೇ ಕಾಣುತ್ತದೆ. ಅದೇ ಹೊತ್ತಿನಲ್ಲಿ 8ನೇ ಪಿನ್ ಗಮನಿಸಿ. ಎಲ್‌ಇಡಿ ಬದಲಾದಾಗಲೆಲ್ಲ ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಏರಿಳಿತ ಕಂಡರೆ ಸೆಲ್ ಸುಸ್ತಾಗಿದೆ ಅಥವಾ ದಾರಿಯಲ್ಲೆಲ್ಲೋ ಸಡಿಲವಿದೆ.

ಯಾವುದು ಎಂದು ತಿಳಿಯಲು ಮೀಟರಿನ ಕಪ್ಪು ತಂತಿ ಸೆಲ್ಲಿನ ಮೈನಸ್‌ನಲ್ಲಿ, ಕೆಂಪು 555ರ 1ನೇ ಕಾಲಿನಲ್ಲಿ, 200 ಮಿಲಿವೋಲ್ಟ್ ಶ್ರೇಣಿಯಲ್ಲಿ ಇಡಿ. ಕೆಲವೇ ಮಿಲಿವೋಲ್ಟ್ ಇರಬೇಕು. ಹತ್ತಾರು ತೋರಿಸಿದರೆ ಆ ದಾರಿಯಲ್ಲಿರುವ ತಣ್ಣನೆಯ (ಸರಿಯಾಗಿ ಕರಗಿ ಹಿಡಿಯದ) ಬೆಸುಗೆ, ತುಕ್ಕು ಹಿಡಿದ ಸ್ಪ್ರಿಂಗ್, ಬ್ಯಾಟರಿ ಕ್ಯಾಪಿನ ಸಡಿಲ ಬಟನ್, ಇವುಗಳಲ್ಲಿ ಒಂದು. ಪ್ಲಸ್ ಕಡೆಯನ್ನೂ ಹಾಗೇ ಅಳೆಯಿರಿ. ಡಯೋಡ್ ಹಾಕಿದ್ದರೆ ಅದನ್ನು ದಾಟಿದ ಮೇಲೆ ಅಳೆಯಬೇಕು. ಬೆಸುಗೆಯಿಲ್ಲದೆ ಸಿಕ್ಕಿಸುವ ಬ್ರೆಡ್‌ಬೋರ್ಡಿನಲ್ಲಿ ಕಟ್ಟಿ ನೋಡುವವರು ಅಂಚಿನ ಸಪ್ಲೈ ಸಾಲು ನಡುವೆ ತುಂಡಾಗಿದೆಯೇ ಎಂಬುದನ್ನೂ ನೋಡಬೇಕು, ಉದ್ದದ ಬೋರ್ಡುಗಳಲ್ಲಿ ಹಾಗಿರುವುದು ಸಾಮಾನ್ಯ.

ವಸ್ತುಪ್ರದರ್ಶನಕ್ಕೋ ಗಣಪತಿ ಪೆಂಡಾಲಿಗೋ ದಿನಗಟ್ಟಲೆ ಬಿಡುವವರು ನಾಲ್ಕು ಸೆಲ್ಲಿನ ವೋಲ್ಟೇಜನ್ನು ಬೋರ್ಡು ಓಡುತ್ತಿರುವಾಗಲೇ 8ನೇ ಪಿನ್ನಿನಲ್ಲಿ ದಿನಕ್ಕೊಮ್ಮೆ ಅಳೆಯಲಿ. 4.6 ಬಂದಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಹೊಸದು ಎರಡು, ಹಳೆಯದು ಎರಡು ಬೆರೆಸಿದರೆ ಹಳೆಯವು ಬೇಗ ಬರಿದಾಗಿ ಸೋರಲು ಶುರುವಾಗುತ್ತವೆ, ಹೋಲ್ಡರಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ.